ಗೆರೆಯವರೆಗೆ ತುಂಬಿದ ಕ್ಯಾನು

ಎರಡು ವರ್ಷ ನಾನು ಮಂದಿಯ ಮೂತ್ರ ಹೊತ್ತೆ. ಇದನ್ನು ಓದಿ ಮೂಗು ಮುಚ್ಚಿಕೊಳ್ಳುವವರು ಧಾರಾಳವಾಗಿ ಮುಚ್ಚಿಕೊಳ್ಳಲಿ, ಓದುವುದಕ್ಕೆ ಮೂಗು ಬೇಕಾಗಿಲ್ಲ. ಸವಣೂರಿನಲ್ಲಿ ಯಾರಾದರೂ ಕೇಳಿದರೆ ನಮ್ಮ ಮನೆಯವರು ಇವತ್ತಿಗೂ 'ದವಾಖಾನಿ ಖಾತೆದಾಗ ಇದ್ದ' ಎಂದು ಹೇಳಿ ಮಾತು ಹೊರಳಿಸುತ್ತಾರೆ. ಆ ಕೆಲಸ ಮುಗಿದ ಮೇಲೆ ನನಗೆ ಕನ್ಯೆ ನೋಡಲು ಹೋದಲ್ಲಿ ಅಪ್ಪ ಅದನ್ನು 'ಸಂಶೋಧನೆ' ಎಂದ. ಎಂಥ ಸಂಶೋಧನೆ ಎಂದು ಆ ಮನೆಯವರು ಕೇಳಿದರು. ಅಪ್ಪ ಕೆಮ್ಮತೊಡಗಿದ. ನಾನೇ ಬಾಯಿ ಹಾಕಿ, ಕ್ಯಾನಿನ ಅಳತೆ ಸಮೇತ ವಿವರಿಸಿದೆ. ಅವಲಕ್ಕಿಯ ಎರಡನೇ ಸರತಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಹೋಗಲಿ. ಮುಚ್ಚಿಡಲು ನಾನೇನು ಕಳವು ಮಾಡಿದ್ದೆನೇ?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಬಾಡಿಗೆ ಕೋಣೆಗೆ ಪ್ರತಿ ಗುರುವಾರ ದೊಡ್ಡ ಊರಿನಿಂದ ಒಬ್ಬ ಡಾಕ್ಟರು ಜೀಪಿನಲ್ಲಿ ಬರುತ್ತಿದ್ದರು. ಮೂತ್ರಕೋಶ, ಮೂತ್ರಪಿಂಡ ಅವರ ವಿದ್ಯೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹೊಲಗಳಲ್ಲಿ ದುಡಿಯುವವರಿಗೆ ಕಿಡ್ನಿಯಲ್ಲಿ ಹರಳು ಯಾಕೆ ಕಟ್ಟುತ್ತದೆ ಎಂಬುದು ಅವರು ಬೆನ್ನು ಹತ್ತಿದ ಪ್ರಶ್ನೆ. ನೋವಿದ್ದವರು ಬರಬೇಕು, ಬಿಳಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಒಂದು ಇಡೀ ದಿನದ ಮೂತ್ರ ಹಿಡಿದು ಕೊಡಬೇಕು. ಸರಿಯಾಗಿ ಕೊಟ್ಟವರ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಪಟ್ಟಿಯಲ್ಲಿ ಉಳಿದವರಿಗೆ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ, ಬೇಕಾದರೆ ಆಪರೇಶನ್, ಎಲ್ಲ ಪುಕ್ಕಟೆ. ಕ್ಯಾನು ಕೆಡಿಸಿದವರ ಹೆಸರಿನ ಮೇಲೆ ಕೆಂಪು ಗೀಟು. ಎರಡನೇ ಸಲ ಇಲ್ಲ.

ನಾನು ಅಲ್ಲಿಗೆ ಹೋದದ್ದು ಹರಳಿನ ನೋವಿದ್ದ ಸೋದರಮಾವನ ಜೊತೆಗಾರನಾಗಿ. ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮಂದಿಯನ್ನು ಅಣಕಿಸಿ ನಗಿಸುವುದೊಂದೇ ಉದ್ಯೋಗವಾಗಿದ್ದ ಕಾಲ ಅದು. ಡಾಕ್ಟರು ಮೈಸೂರು ಕಡೆಯವರು. ಅವತ್ತು ಅವರು ಎದ್ದು ನಿಂತು, 'ಇಪ್ಪತ್ನಾಲ್ಕು ಗಂಟೆಗಳ ಅವಧಿಯಲ್ಲಿ ವಿಸರ್ಜನೆಯಾಗುವ ಸಮಸ್ತ ಮೂತ್ರವನ್ನು' ಎಂದು ಶುರುಮಾಡಿದರು. ಕೂತವರೆಲ್ಲ ಆಶೀರ್ವಾದ ಕೇಳಿಸಿಕೊಳ್ಳುವವರಂತೆ ತಲೆಬಾಗಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ನಮ್ಮ ಮಾತಿನಲ್ಲಿ ಹೇಳಿದೆ: ಮುಂಜಾನೆ ಎದ್ದು ಮೊದಲಿನದು ಹೊರಗೆ ಹೋಗಿರಿ, ಅದು ಲೆಕ್ಕಕ್ಕಿಲ್ಲ, ಅಲ್ಲಿಂದ ಮರುದಿನ ಮುಂಜಾನೆಯ ಮೊದಲಿನದರ ತನಕ ಒಂದು ಹನಿ ಚೆಲ್ಲದೆ ಇದರೊಳಗೆ. ಕೂತವರಿಗೆ ತಿಳಿಯಿತು. ನನಗೆ ಕೆಲಸ ಸಿಕ್ಕಿತು: ಬಂದವರಿಗೆ ತಿಳಿಸಿ ಹೇಳುವುದು, ಊರೂರಿನಿಂದ ಕ್ಯಾನು ತರುವುದು.

ಡಾಕ್ಟರು ಪ್ರತಿ ಗುರುವಾರ ಇನ್ನೊಂದು ಮಾತು ಹೇಳುತ್ತಿದ್ದರು, ಎಡಗೈಯಿಂದ ಕನ್ನಡಕ ಮೇಲೇರಿಸಿ, ಪ್ರತಿ ಪದಕ್ಕೂ ಒಂದು ಗಳಿಗೆ ಬಿಟ್ಟು: "ನಾಚಿಕೆ ಬಿಟ್ಟು ಬನ್ನಿ. ನಾಚಿಕೆ ಬಿಟ್ಟು ಬಂದವರನ್ನ ನಾನು ಬರಿಗೈಲಿ ಕಳಿಸೋದಿಲ್ಲ." ಅದನ್ನು ನಾನು ಕನ್ನಡಕವಿಲ್ಲದೆಯೇ ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ಚಾದಂಗಡಿಯಲ್ಲಿ ಅದಕ್ಕೆ ಒಂದು ಮಿರ್ಚಿ ಭಜಿ ಸಿಗುತ್ತಿತ್ತು. ರೋಗಿಗಳನ್ನೂ ಬಿಡುತ್ತಿರಲಿಲ್ಲ. ಶಿಗ್ಗಾವಿ ಕಡೆಯವರು ಹರಳಿನ ನೋವು ಬಂದರೆ ಟೊಂಕಕ್ಕೆ ಎರಡೂ ಕೈ ಕೊಟ್ಟು, ಜಗಳಕ್ಕೆ ನಿಂತವರ ಹಾಗೆ ನಿಲ್ಲುತ್ತಾರೆ. ಹಿರೇಕೆರೂರಿನವರದು ಒಂದೇ ಕೈ, ಇನ್ನೊಂದು ಕೈಯಲ್ಲಿ ಧೋತರದ ಚುಂಗು. ನಮ್ಮ ಸವಣೂರಿನವರು ಮೊದಲು ಎಲೆ ಅಡಿಕೆ ಉಗುಳಿ ಬಂದು ಆಮೇಲೆ ನರಳುತ್ತಾರೆ. ಇವೆಲ್ಲ ಮಾಡಿ ತೋರಿಸಿದರೆ ಇನ್ನೊಂದು ಭಜಿ.

ಮಂದಿಯೂ ನನ್ನನ್ನು ಸುಮ್ಮನೆ ಬಿಡಲಿಲ್ಲ ಅನ್ನಿ. ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಆಡೂರಿನಲ್ಲಿ ಹೋಗುತ್ತಿದ್ದರೆ ಒಬ್ಬಾಕೆ ಪಾತ್ರೆ ಹಿಡಿದು ಹೊರಗೆ ಬಂದು ಅರ್ಧ ಸೇರು ಹಾಲು ಕೇಳಿದಳು. ಇವತ್ತಿನದು ಒಡೆದಿದೆ ಎಂದು ಹೇಳಿ ಪೆಡಲ್ ತುಳಿದೆ.

ಹೋಲಿಸಿ ನೋಡಲು ಡಾಕ್ಟರಿಗೆ ನೋವಿಲ್ಲದವರ ಮೂತ್ರವೂ ಬೇಕಿತ್ತು. ಮೊದಲು ಕೊಡುವವನು ನಾನೇ ಎಂದು ಎದೆ ಉಬ್ಬಿಸಿ ಕ್ಯಾನು ತೆಗೆದುಕೊಂಡೆ. ಹಿಡಿಯಬೇಕಾದ ಬುಧವಾರ ಮಧ್ಯಾಹ್ನ ಟಾಕೀಸಿನಲ್ಲಿ ಇಂಟರ್ವಲ್ ಆಯಿತು. ರೂಢಿಯಂತೆ ಎಲ್ಲರ ಜೊತೆ ಗೋಡೆಗೆ ನಿಂತೆ. ಅರ್ಧ ಮುಗಿದ ಮೇಲೆ ಕ್ಯಾನು ನೆನಪಾಯಿತು. ಆ ಹೊತ್ತಿಗೆ ಮನುಷ್ಯ ಏನು ಮಾಡಲು ಸಾಧ್ಯ? ಮರುದಿನ ಹೋಗಿ ನಿಜ ಹೇಳಿದೆ. ಡಾಕ್ಟರು ಕೆಂಪು ಪೆನ್ನು ತೆಗೆದರು. ಪಟ್ಟಿಯಿಂದ ಹೊರಬಿದ್ದ ಮೊದಲ ಮನುಷ್ಯ ನಾನು.

ನನಗೇನು, ಹರಳಿರಲಿಲ್ಲ. ಹೊರಬಿದ್ದರೆ ಕಳೆದುಕೊಳ್ಳುವುದೂ ಇರಲಿಲ್ಲ. ನಾನು ಅಕ್ಕ ಎಂದು ಕರೆಯುತ್ತಿದ್ದ ಚಿಕ್ಕೇರೂರಿನ ರೋಗಿಯದು ಹಾಗಲ್ಲ.

ಅವಳಿಗೆ ಮೂವತ್ತರ ಆಸುಪಾಸು. ಗಂಡ ಲಾರಿಯ ಮೇಲೆ, ತಿಂಗಳಿಗೊಮ್ಮೆ ಮನೆಗೆ. ಅತ್ತೆ ಮಾವನ ಜೊತೆ ಇವಳೂ ಹೊಲಕ್ಕೆ ಹೋಗಿ ಹತ್ತಿ ಬಿಡಿಸುವುದು, ಕಸ ತೆಗೆಯುವುದು ಮಾಡುತ್ತಿದ್ದಳು. ಎರಡು ವರ್ಷದಿಂದ ನೋವು. ಹುರುಳಿ ಕಟ್ಟು ಕುಡಿದಿದ್ದಳು, ಬಾಳೆದಿಂಡಿನ ರಸ ಕುಡಿದಿದ್ದಳು, ಯಾರೋ ಹೇಳಿದರೆಂದು ಒಂದು ಬೇರನ್ನೂ ಅರೆದು ಕುಡಿದಿದ್ದಳು. ಡಾಕ್ಟರು ಬೆನ್ನು ಒತ್ತಿ ನೋಡಿ, ಕಲ್ಲು ದೊಡ್ಡದೇ ಇರಬೇಕು, ಹೀಗೇ ಬಿಟ್ಟರೆ ಒಂದು ಕಡೆಯ ಕಿಡ್ನಿಯೇ ಹೋದೀತು ಎಂದರು. ದೊಡ್ಡ ಆಸ್ಪತ್ರೆಗೆ ತಾವಾಗಿ ಹೋಗುವ ಶಕ್ತಿ ಆ ಮನೆಗೆ ಇರಲಿಲ್ಲ. ಪಟ್ಟಿಯಲ್ಲಿ ಹೆಸರು ಉಳಿಯಬೇಕು, ಅವಳಿಗಿದ್ದ ದಾರಿ ಅದೊಂದೇ. ಉಳಿಯುವುದಕ್ಕೆ ಒಂದು ಸರಿಯಾದ ಕ್ಯಾನು ಕೊಟ್ಟರೆ ಸಾಕಿತ್ತು.

ಅವಳ ಕ್ಯಾನನ್ನು ನಾನೇ ಚಿಕ್ಕೇರೂರಿನಿಂದ ಸೈಕಲ್ ಮೇಲೆ ತಂದೆ. ಭಾರವಿತ್ತು. ಕ್ಯಾನಿನ ಹೊರಗೆ ಅಳತೆ ತಿಳಿಯಲೆಂದು ಡಾಕ್ಟರು ಎಳೆದಿದ್ದ ಕೆಂಪು ಗೆರೆಗೆ ಸರಿಯಾಗಿ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ನೋಡ್ರಿ, ಹೇಗೆ ತುಂಬಿಸಿ ತಂದಿದ್ದೇನೆ ಎಂದು ಮೇಜಿನ ಮೇಲೆ ಇಟ್ಟೆ.

ಡಾಕ್ಟರು ಒಂದು ಉದ್ದ ಗಾಜಿನ ಲೋಟಕ್ಕೆ ಅದನ್ನು ಸುರಿದು, ಒಳಗೆ ಒಂದು ಗಾಜಿನ ಬುರುಡೆ ಬಿಟ್ಟರು. ಡೇರಿಯವರು ಹಾಲಿಗೆ ಬಿಡುತ್ತಾರಲ್ಲ, ಅದೇ ಜಾತಿಯದು. ಮೂತ್ರ ಗಟ್ಟಿಯಿದ್ದರೆ ತೇಲುತ್ತದೆ, ತೆಳುವಿದ್ದರೆ ಮುಳುಗುತ್ತದೆ. ಬುರುಡೆ ಕುತ್ತಿಗೆಯವರೆಗೆ ಮುಳುಗಿತು.

"ಏನ್ರೀ ಇದು? ದಾರಿಯಲ್ಲಿ ಚೆಲ್ಲಿ, ಕೆರೆ ನೀರು ಹಿಡ್ಕೊಂಡು ಬಂದ್ರಾ?"

ನಾನು ಆಣೆ ಮಾಡಿದೆ. ನಾನು ಹಾಕುವ ಆಣೆಯನ್ನು ನನ್ನ ಅವ್ವನೇ ನಂಬುವುದಿಲ್ಲ, ಅವರು ಯಾಕೆ ನಂಬಬೇಕು? ಒಂದು ಸುಳ್ಳು ಕ್ಯಾನು ಸೇರಿದರೂ ಇಡೀ ಪಟ್ಟಿ ಸುಳ್ಳು ಹೇಳುತ್ತದೆ, ನಾಳೆ ಆ ಸುಳ್ಳು ನಂಬಿ ಇನ್ನೊಬ್ಬ ಡಾಕ್ಟರು ಇನ್ನೊಬ್ಬ ರೋಗಿಗೆ ಔಷಧಿ ಕೊಡುತ್ತಾನೆ ಎಂದರು. ಅದು ಸರಿಯಾದ ಮಾತೇ. ಆ ಸರಿಯಾದ ಮಾತು ಹೇಳುತ್ತಲೇ ಅಕ್ಕನ ಹೆಸರಿನ ಮೇಲೆ ಕೆಂಪು ಗೀಟು ಎಳೆದುಬಿಟ್ಟರು.

ಮರುದಿನ ಚಿಕ್ಕೇರೂರಿಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದಳು. ಕ್ಯಾನಿಗೆ ಯಾರಾದರೂ ನೀರು ಬೆರೆಸಿದಿರೇನು ಎಂದು ಕೇಳಿದೆ. ಬೈಯುತ್ತಾಳೆಂದು ಎರಡು ಹೆಜ್ಜೆ ದೂರವೇ ನಿಂತಿದ್ದೆ. ಅವಳು ಹೊಗಳಿಕೆ ಕೇಳಿದವಳಂತೆ ಮುಖ ಅರಳಿಸಿದಳು.

"ನಾನ ಹಾಕೇನಿ ತಮ್ಮಾ. ಅಕಿದು ತಳದಾಗ ಒಂದೀಟ ಇತ್ತು. ಅವರು ಗೆರಿ ಹೊಡದು ಕೊಟ್ಟ ಮ್ಯಾಲೆ ಗೆರಿತನಕ ಕೊಡಬೇಕಲ್ಲ? ನಮ್ಮ ಮನ್ಯಾಗಿಂದ ಪಾತ್ರಿ ಅರ್ಧ ಹೋಗೂದಿಲ್ಲ. ಮೂರು ತಂಬಿಗಿ ಹಾಕೇನಿ. ಬಳಸೂ ನೀರಲ್ಲ ಮತ್ತ, ಕುಡಿಯೂ ನೀರು. ಸೋಸಿ ಹಾಕೇನಿ."

ನಮ್ಮ ಕಡೆ ನೆರೆಮನೆಯಿಂದ ಸಾರು ಬಂದ ಬಟ್ಟಲನ್ನು ಖಾಲಿ ಮರಳಿಸುವುದಿಲ್ಲ, ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲವಾದರೂ ಹಾಕಿಯೇ ಕೊಡುತ್ತಾರೆ. ಅದೇ ಮರ್ಯಾದೆಯನ್ನು ಈಕೆ ಡಾಕ್ಟರ ಕ್ಯಾನಿಗೂ ಮಾಡಿದ್ದಳು, ಅದೂ ಅರಿವೆಯಲ್ಲಿ ಸೋಸಿ. ಯಾವ ಬಾಯಿಂದ ಬೈಯಲಿ? ಆ ಗೆರೆ ತುಂಬಿಸುವುದಕ್ಕಲ್ಲ, ಅಳೆಯುವುದಕ್ಕೆ ಎಂದು ನಾನೂ ಯಾರಿಗೂ ಹೇಳಿರಲಿಲ್ಲ. ನಗಿಸುವ ಭರದಲ್ಲಿ ಅದೊಂದು ಮಾತು ಬಿಟ್ಟೇ ಹೋಗಿತ್ತು. ಹೀಗಾಗಿ ಸೊಸೆಯ ಹೆಸರು ಹೊಡೆದಿದ್ದಾರೆ ಎಂದು ತಿಳಿಸಿದೆ. ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು.

ಅಕ್ಕ ಒಳಗಿಂದ ಬಾಗಿಲಿಗೆ ಬಂದಳು.

"ಹಾನಗಲ್ಲಾಗ ನನ್ನಂಗ ನಡದು ತೋರಸ್ತೀಯಂತಲ್ಲೋ. ಬಸ್ಸಿನ್ಯಾಗ ಯಾರೋ ಅಂದ್ರು. ಇಲ್ಲೂ ತೋರ್ಸು, ನೋಡೂಣು."

ಭೂಮಿ ಬಾಯಿ ಬಿಡಲಿ ಅನ್ನಿಸಿತು. ಬಿಡಲಿಲ್ಲ. ಅವಳು ಅಲ್ಲೇ ನಿಂತಿದ್ದಳು, ನಾನು ಮಾಡುವವರೆಗೆ ಬಿಡುವವಳಲ್ಲ ಎಂಬಂತೆ. ಕೊನೆಗೆ ಟೊಂಕಕ್ಕೆ ಕೈ ಕೊಟ್ಟು, ಬಾಗಿ, ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಯಾರನ್ನೂ ಅಣಕಿಸಿಲ್ಲ.

"ಕೈ ಎಡಕ್ಕಲ್ಲ, ಬಲಕ್ಕ," ಎಂದಳು. "ಮತ್ತ ಹಲ್ಲು ಕಚ್ಚಬೇಕು. ಕಚ್ಚಲಿಲ್ಲಂದ್ರ ಬಾಯಿಂದ ಸಪ್ಪಳ ಬರ್ತತಿ, ಅತ್ತಿ ಎದ್ದ ಬಿಡ್ತಾರ."

ಚಾದಂಗಡಿಯ ಭಜಿಗಳೆಲ್ಲ ಆಗ ಗಂಟಲಿಗೆ ಬಂದವು. ಹೆಸರು ಹೊಡೆದುಬಿಟ್ಟಿದ್ದಾರೆ ಅಕ್ಕಾರ, ಎರಡನೇ ಸಲ ಇಲ್ಲವಂತೆ ಎಂದು ಮತ್ತೊಮ್ಮೆ ತೊದಲಿದೆ. ಅವಳು ಅದನ್ನು ದೊಡ್ಡ ವಿಷಯ ಮಾಡಲಿಲ್ಲ.

"ಹೊಡದದ್ದು ಪೆನ್ನಿಲೆ ಅಲ್ಲನು? ಅದರಲೇ ಮತ್ತ ಬರಿಯಾಕೂ ಬರ್ತತಿ."

ಅಷ್ಟರಲ್ಲಿ ಮಾವ ಹೊಲದಿಂದ ಬಂದ. ವಿಷಯ ಕೇಳಿ ಹೆಗಲ ಮೇಲಿನ ವಲ್ಲಿಯನ್ನು ಕೊಡವಿದ. ಆಗಿದ್ದು ಸಾಕು, ನಮ್ಮ ಮನೆಯ ಹೆಣ್ಣುಮಗಳ ಉಚ್ಚೆ ಸೈಕಲ್ ಮೇಲೆ ಮೆರವಣಿಗೆ ಹೊರಟಿದೆ ಎಂದು ಕಟ್ಟೆಯ ಮೇಲೆ ಮಂದಿ ಆಡಿಕೊಳ್ಳುತ್ತಿದ್ದಾರೆ, ಇನ್ನು ಆ ಡಬ್ಬಿ ನಮ್ಮ ಹೊಸ್ತಿಲು ದಾಟಕೂಡದು ಎಂದ. ಕೆಟ್ಟ ಮನುಷ್ಯನಲ್ಲ. ಸೊಸೆ ನೋವಿನಿಂದ ಒದ್ದಾಡಿದ ದಿನ ಚಕ್ಕಡಿ ಕಟ್ಟಿಕೊಂಡು ದವಾಖಾನೆಗೆ ಓಡಿದವನೂ ಅವನೇ. ಆದರೆ ಕಟ್ಟೆಯ ಮೇಲಿನ ನಗೆಗೆ ಅವನಲ್ಲಿ ಔಷಧಿ ಇರಲಿಲ್ಲ.

"ಹೊಸ್ತಲಾ ದಾಟೂದಿಲ್ರಿ ಮಾವಾರ," ಎಂದಳು ಅಕ್ಕ, ದನಿ ಏರಿಸದೆ. "ಹಿತ್ತಲದಾಗ ದನದ ಕೊಟ್ಟಿಗ್ಯಾಗ ಇಡ್ತೇನಿ. ಸೈಕಲ್ ಮ್ಯಾಲೂ ಹೋಗೂದಿಲ್ಲ, ನಾನ ಹೊರ್ತೇನಿ. ತಮ್ಮಾ, ಡಬ್ಬಿ ಕೊಟ್ಟು ಹೋಗು."

ಹೇಳಿದ ಎರಡೂ ಮಾತನ್ನು ಅಕ್ಷರಶಃ ಪಾಲಿಸುತ್ತೇನೆ ಎಂದವಳ ಮೇಲೆ ಮಾವ ಹೇಗೆ ಸಿಟ್ಟಾಗಬೇಕು? ಸಿಟ್ಟಾಗಲು ಜಾಗವೇ ಸಿಗದೆ ಎತ್ತಿಗೆ ನೀರು ಕುಡಿಸಲು ಹೋದ.

ಮುಂದಿನ ಗುರುವಾರ ಮೊದಲ ಬಸ್ಸಿಗೆ ಚಿಕ್ಕೇರೂರಿಗೆ ಹೋಗಿ ಬಸ್ ನಿಲ್ಲುವಲ್ಲಿ ಕಾದೆ. ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಹಿಂದಿನ ಓಣಿಯಿಂದ ಬರಬಹುದಿತ್ತು, ಸೆರಗಿನಲ್ಲಿ ಮುಚ್ಚಿ ತರಬಹುದಿತ್ತು. ಅವಳು ಬಂದದ್ದು ನಡುಬೀದಿಯಿಂದ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಿಳಿ ಕ್ಯಾನು, ಬಲಗೈ ಟೊಂಕದ ಮೇಲೆ. ನಾಲ್ಕು ಹೆಜ್ಜೆ ಹಿಂದೆ ಅತ್ತೆ. ಕಟ್ಟೆಯ ಮೇಲೆ ಮುಂಜಾನೆಯ ಬೀಡಿ ಹಚ್ಚಿದವರು ಆರೇಳು ಮಂದಿ.

"ಏನ ತಂಗಿ, ಚಿಮಣಿ ಎಣ್ಣಿ ಬಂದತೇನ?" ಎಂದು ಅವರಲ್ಲೊಬ್ಬ ಹಿರಿಯ ಕೇಳಿದ. ಅದು ಸೀಮೆಎಣ್ಣೆಯಲ್ಲ, ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದವನು ಆಗಲೇ ನಗಲು ಬಾಯಿ ತೆರೆದಿದ್ದ.

ಅಕ್ಕ ನಿಂತಳು. ತಲೆಯ ಮೇಲೆ ಕ್ಯಾನು ಇದ್ದುದರಿಂದ ಕತ್ತು ಬಗ್ಗಿಸುವಂತೆಯೂ ಇರಲಿಲ್ಲ.

"ಅಲ್ರಿ ಕಾಕಾ. ಉಚ್ಚಿ. ನಂದ."

ನಗಲು ಬಾಯಿ ತೆರೆದವನಿಗೆ ಅದನ್ನು ಮುಚ್ಚುವುದೋ ಬಿಡುವುದೋ ತಿಳಿಯಲಿಲ್ಲ. ಆ ಬಾಯಿಯನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ, ಆದರೆ ಅದಕ್ಕೆ ಭಜಿ ಇಸಿದುಕೊಳ್ಳುವುದಿಲ್ಲ. ಮುಚ್ಚುಮರೆ ಮಾಡಿದ್ದರೆ ಅವರು ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಹೆಣ್ಣುಮಗಳೇ ಬಾಯಿಬಿಟ್ಟು ಹೇಳಿದ ಮೇಲೆ ಗಂಡಸರಿಗೆ ಹೇಳಲು ಉಳಿದದ್ದೇನು?

ಬಸ್ಸಿನಲ್ಲಿ ಕಂಡಕ್ಟರ್ ಕ್ಯಾನನ್ನು ಮೇಲೆ ಹಾಕಿ ಎಂದ. ಉರುಳಿದರೆ ಎಲ್ಲರ ತಲೆಯ ಮೇಲೆ ಬೀಳುತ್ತದೆ ನೋಡಪ್ಪ ಎಂದು ಅತ್ತೆ, ಒಳಗಿನದು ಏನೆಂಬುದನ್ನೂ ಸೇರಿಸಿ, ಶಾಂತವಾಗಿ ಹೇಳಿದಳು. ಮೂವರಿಗೂ ಕೂರಲು ಇಡೀ ಹಿಂದಿನ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಅಕ್ಕ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು, ನಾನು ಕೊಡು ಎಂದರೂ ಕೊಡಲಿಲ್ಲ.

ಹಾನಗಲ್ಲಿನ ಕೋಣೆ ಅವತ್ತು ತುಂಬಿತ್ತು. ಡಾಕ್ಟರು ಪಟ್ಟಿ ತೆರೆದು, ಗೀಟಿನ ಮೇಲೆ ಬೆರಳಿಟ್ಟು, ಆಗುವುದಿಲ್ಲ ಎಂದರು. ಒಬ್ಬರಿಗೆ ನಿಯಮ ಸಡಿಲಿಸಿದರೆ ಹೊಡೆದುಹಾಕಿದ ಉಳಿದವರಿಗೆ ಏನು ಹೇಳಲಿ ಎಂದರು. ಅತ್ತೆ ಮುಂದೆ ಬಂದು ಮೇಜಿನ ಅಂಚು ಹಿಡಿದಳು.

"ನೀರು ಹಾಕಿದಾಕಿ ನಾನ್ರಿ. ಹೊಡಿಯೂದಿದ್ರ ನನ್ನ ಹೆಸರು ಹೊಡೀರಿ."

ನಿಮ್ಮ ಹೆಸರು ಇಲ್ಲಿ ಇಲ್ಲವೇ ಇಲ್ಲಮ್ಮ ಎಂದರು ಡಾಕ್ಟರು. ಹಾಗಾದರೆ ಮೊದಲು ಬರೆಯಿರಿ, ಆಮೇಲೆ ಹೊಡೆಯಿರಿ ಎಂದಳು ಅತ್ತೆ. ಅವರು ಪಟ್ಟಿ ಮುಚ್ಚಿ ಮುಂದಿನವರನ್ನು ಕರೆಯಲು ನನಗೆ ಸನ್ನೆ ಮಾಡಿದರು.

ನಾನು ಕರೆಯಲಿಲ್ಲ. ಎಡಗೈಯಿಂದ ಇಲ್ಲದ ಕನ್ನಡಕವನ್ನು ಮೇಲೇರಿಸಿದೆ. ಪ್ರತಿ ಪದಕ್ಕೂ ಒಂದು ಗಳಿಗೆ ಬಿಟ್ಟೆ. ಅವರದೇ ದನಿ, ಅವರದೇ ಮೈಸೂರು.

"ನಾಚಿಕೆ ಬಿಟ್ಟು ಬನ್ನಿ. ನಾಚಿಕೆ ಬಿಟ್ಟು ಬಂದವರನ್ನ ನಾನು ಬರಿಗೈಲಿ ಕಳಿಸೋದಿಲ್ಲ."

ಹಿಂದೆ ಒಬ್ಬರು ಕಿಸಕ್ಕೆಂದು ನಕ್ಕರು. ಡಾಕ್ಟರ ಎದುರಿಗೇ ಅವರನ್ನು ಅಣಕಿಸಿದ್ದು ಅದೇ ಮೊದಲು. ಕೆಲಸ ಹೋಯಿತು ಎಂದುಕೊಂಡೆ, ಹೋದರೆ ಹೋಗಲಿ ಎಂದೂ ಅಂದುಕೊಂಡೆ. ನನ್ನದೇ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದೆ: "ಊರ ನಡುವ ತಲಿ ಮ್ಯಾಲೆ ಹೊತ್ತು ತಂದಾರ್ರಿ ಸರ. ಇದಕ್ಕಿಂತ ಇನ್ನೇನ್ ನಾಚಿಕಿ ಬಿಡಬೇಕು ಅವರು?"

ಡಾಕ್ಟರು ನನ್ನನ್ನು ನೋಡಿದರು. ಆಮೇಲೆ ಕ್ಯಾನನ್ನು ನೋಡಿದರು. ಉದ್ದ ಲೋಟ ತೆಗೆದು ಸುರಿದು, ಬುರುಡೆ ಬಿಟ್ಟರು. ಅದು ಮುಳುಗಲಿಲ್ಲ. ಮೇಲಕ್ಕೆ ಎದ್ದು ನಿಂತಿತು, ನಾನು ಹಿಂದೆಂದೂ ನೋಡದಷ್ಟು ಎತ್ತರಕ್ಕೆ. ಬಣ್ಣ ಹಳೆಯ ಬೆಲ್ಲದ್ದು. ಸುರಿಯುವ ಮೊದಲೂ ಕ್ಯಾನಿನ ತಳದಲ್ಲಿ ಮೂರು ಬೆರಳಷ್ಟೂ ಇರಲಿಲ್ಲ.

"ಇಡೀ ದಿನಕ್ಕೆ ಇಷ್ಟೇನಾ? ನೀರು ಯಾಕಮ್ಮ ಕುಡಿಯಲ್ಲ ನೀವು?"

"ಕುಡದ್ರ ಎಲ್ಲಿಗೆ ಹೋಗ್ಲಿ ರೀ?" ಎಂದಳು ಅಕ್ಕ. "ಹತ್ತಿ ಹೊಲದಾಗ ಗಂಡಸರ ಸಾಲಿನ ಬಾಜೂಕ ನಮ್ಮ ಸಾಲು. ಮುಂಜಾನಿ ಬೆಳಕಾಗೂದ್ರಾಗ ಒಮ್ಮೆ ಹೋದ್ರ ಮತ್ತ ಹೊತ್ತು ಮುಣಗಿದ ಮ್ಯಾಲ. ನಡುವ ನೀರು ಕುಡದ್ರ ತಡಕೊಂಡ ಕುಂದ್ರಬೇಕು. ಅದಕ್ಕ ಕುಡಿಯೂದಿಲ್ಲ. ನಾ ಒಬ್ಬಾಕೀನ ಅಲ್ಲ, ಯಾರೂ ಕುಡಿಯೂದಿಲ್ಲ. ನಿಮ್ಮ ಕಾಗದದಾಗ ಅದನ್ನ ಕೇಳೇ ಇಲ್ಲಲ್ರಿ."

ಕೇಳಿರಲಿಲ್ಲ. ಯಾವ ಬಾವಿ ನೀರು, ಎಷ್ಟು ತಂಬಿಗೆ, ಉಪ್ಪು ಎಷ್ಟು, ರೊಟ್ಟಿ ಯಾವುದರದ್ದು ಎಂದು ಎರಡು ಪುಟ ಇಂಗ್ಲಿಷ್ ಪ್ರಶ್ನೆಗಳಿದ್ದವು. ಅವನ್ನೆಲ್ಲ ನಾನೇ ಕನ್ನಡದಲ್ಲಿ ಕೇಳಿ ತುಂಬಿಸುತ್ತಿದ್ದೆ. ಯಾಕೆ ಕುಡಿಯುವುದಿಲ್ಲ ಎಂಬ ಸಾಲು ಡಾಕ್ಟರಿಗೂ ಹೊಳೆದಿರಲಿಲ್ಲ, ಮಂದಿಯ ನಡಿಗೆಯನ್ನೆಲ್ಲ ಕದ್ದು ಕಲಿತ ನನಗೂ ಹೊಳೆದಿರಲಿಲ್ಲ.

ಡಾಕ್ಟರು ಪಟ್ಟಿ ತೆರೆದು ಕೊನೆಯಲ್ಲಿ ಅಕ್ಕನ ಹೆಸರನ್ನು ಹೊಸದಾಗಿ ಬರೆದು, ಪಕ್ಕದಲ್ಲಿ 'ಮೊದಲ ಕ್ಯಾನಿಗೆ ಮನೆಯವರು ತಿಳಿಯದೆ ನೀರು ಸೇರಿಸಿದ್ದರು' ಎಂದು ಸೇರಿಸಿದರು. ಹೊಡೆದುಹಾಕಿದ ಉಳಿದವರ ಮನೆಗಳಿಗೂ ಹೋಗಿ, ಗೆರೆಯವರೆಗೆ ತುಂಬಿಸಿದ್ದರೇ ಎಂದು ಕೇಳಿ ಬರಲು ನನಗೆ ಹೇಳಿದರು. ಆಮೇಲೆ ಫಾರ್ಮುಗಳ ಕಟ್ಟನ್ನು ನನ್ನ ಕಡೆ ತಳ್ಳಿದರು.

"ಮಿಮಿಕ್ರಿ ಸಾಕು. ಆ ಪ್ರಶ್ನೆ ಎಲ್ಲದರಲ್ಲೂ ಸೇರಿಸಿ. ಅವರ ಮಾತಲ್ಲೇ ಬರೀರಿ."

ಪ್ರತಿ ಫಾರ್ಮಿನ ಅಡಿಗೆ ನನ್ನ ಕಾಗೆ ಕಾಲಿನ ಅಕ್ಷರದಲ್ಲಿ ಬರೆದೆ: 'ನೀರು ಕುಡದ್ರ ಎಲ್ಲಿಗೆ ಹೋಗ್ತೀರಿ?' ಆಮೇಲೆ ಹಿರೇಬೆಂಡಿಗೇರಿಯಲ್ಲಿ, ಆಡೂರಿನಲ್ಲಿ ಅದನ್ನು ಕೇಳಿದಾಗ ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಬರೆದುಕೊಳ್ಳಲು ಕೈ ಸಾಲುತ್ತಿರಲಿಲ್ಲ. ಆ ಅಧ್ಯಯನ ಇಂಗ್ಲಿಷಿನಲ್ಲಿ ಎಲ್ಲೋ ಅಚ್ಚಾಯಿತಂತೆ. ಅತ್ತೆ ಸೋಸಿ ಹಾಕಿದ ಮೂರು ತಂಬಿಗೆ ನೀರು ಅದರಲ್ಲಿ ಇರಲಾರದು. ಅದಕ್ಕೇ ಇಲ್ಲಿ ಬರೆದಿದ್ದೇನೆ. ಯಾರಿಗೆ ನಾಚಿಕೆಯಾಗಬೇಕೋ ಆಗಲಿ.

ಅಕ್ಕನಿಗೆ ಆಪರೇಶನ್ ಆಯಿತು. ಬಲಗಡೆಯ ಕಿಡ್ನಿ ಉಳಿಯಿತು. ಕೆಲವು ವಾರಗಳ ನಂತರ ಒಂದು ಗುರುವಾರ ಅವಳೂ ಅತ್ತೆಯೂ ಹಾನಗಲ್ಲಿಗೆ ಬಂದರು. ಈ ಸಲ ಮಾವನೂ ಜೊತೆಗಿದ್ದ, ಮೇಲಿನ ಗುಂಡಿಯವರೆಗೆ ಹಾಕಿದ ಅಂಗಿ, ಹೆಗಲ ಮೇಲೆ ಬಿಳಿ ಕ್ಯಾನು. ಅಕ್ಕನ ಕೈ ಟೊಂಕದ ಮೇಲಿರಲಿಲ್ಲ. ಕ್ಯಾನನ್ನು ಬೂದಿ ಹಚ್ಚಿ, ಬಿಸಿನೀರು ಹಾಕಿ, ಮೂರು ದಿನ ಬಿಸಿಲಿಗಿಟ್ಟು ತೊಳೆದಿದ್ದೇವೆ ಎಂದು ಅತ್ತೆ ಮೊದಲೇ ಹೇಳಿದಳು. ಮಾವ ಅದನ್ನು ಡಾಕ್ಟರ ಮೇಜಿನ ಮೇಲಿಟ್ಟ. ಒಳಗೆ ಹುರಿದ ಶೇಂಗಾ, ಸರಿಯಾಗಿ ಕೆಂಪು ಗೆರೆಯವರೆಗೆ.

ಡಾಕ್ಟರು ಕ್ಯಾನನ್ನೂ ನನ್ನನ್ನೂ ನೋಡಿದರು. ಆ ಕ್ಯಾನು ಏನೇನು ಕಂಡಿದೆ ಎಂದು ಆ ಕೋಣೆಯಲ್ಲಿ ನಮ್ಮಿಬ್ಬರಷ್ಟು ಬಲ್ಲವರು ಇರಲಿಲ್ಲ. ನಾನು ಮುಚ್ಚಳ ತೆಗೆದು ಒಂದು ಮುಷ್ಟಿ ಸುರಿದುಕೊಂಡು, ಅವರ ಕಣ್ಣಲ್ಲಿ ಕಣ್ಣಿಟ್ಟು ಬಾಯಿಗೆ ಹಾಕಿಕೊಂಡೆ. ಉಪ್ಪು ಹದವಾಗಿತ್ತು. ಅವರು ಎಡಗೈಯಿಂದ ಕನ್ನಡಕ ಮೇಲೇರಿಸಿ, ಬಲಗೈ ಚಾಚಿದರು.